ಹಳೇ ಮನೆಯ ಖರ್ಚು ಎಲ್ಲಿ ಸೋರುತ್ತಿದೆ? ಮೀಟರ್, ಹಂಡೆ, ಹೆಂಚು ನೋಡಿ ಲೆಕ್ಕ ಹಾಕುವ ಬಗೆ

ಕರೆಂಟು ಉಳಿಸುವ ಸಲಹೆಗಳು ಸಾಮಾನ್ಯವಾಗಿ ಏಸಿಯಿಂದ ಶುರುವಾಗುತ್ತವೆ. ಚಿಕ್ಕಮಗಳೂರು, ಹಾಸನ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಊರುಗಳು. ಇಲ್ಲಿನ ಹಳೇ ಮನೆಗಳಲ್ಲಿ ಏಸಿ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಕಡೆ ದುಡ್ಡು ಹೋಗುವ ದಾರಿಗಳೇ ಬೇರೆ. ಸ್ನಾನದ ನೀರು ಕಾಯಿಸಬೇಕು, ಬಾವಿಯಿಂದ ನೀರು ಎತ್ತಬೇಕು, ಹಗಲುರಾತ್ರಿ ಸದ್ದಿಲ್ಲದೆ ಕರೆಂಟು ಎಳೆಯುವ ಸಣ್ಣಪುಟ್ಟ ಸಾಮಾನುಗಳಿವೆ, ಇವೆಲ್ಲದರ ಮೇಲೆ ನಾಲ್ಕು ತಿಂಗಳ ಮಳೆ ಗೋಡೆಗೂ ಮಾಡಿಗೂ ಮಾಡುವ ಹಾನಿ. ಇವುಗಳಲ್ಲಿ ಅರ್ಧದಷ್ಟು ಖರ್ಚು ಕರೆಂಟು ಬಿಲ್ಲಿಗೆ ಬರುವುದೇ ಇಲ್ಲ. ಹಾಗಾಗಿ ಬಿಲ್ ಕಡಿಮೆ ಬರುತ್ತಿದೆ ಎಂದಮಾತ್ರಕ್ಕೆ ಆ ಮನೆಯ ಖರ್ಚು ಕಡಿಮೆ ಎಂದು ತಿಳಿಯುವ ಹಾಗಿಲ್ಲ.

ಮನೆ ಅಪ್ಪ ಅಜ್ಜಂದಿರಿಂದ ಬಂದದ್ದಿರಲಿ, ಈಗ ಕೊಳ್ಳಲು ಹೊರಟದ್ದಿರಲಿ, ಅಳೆಯುವ ಕ್ರಮ ಒಂದೇ. ಬೇಕಾದ ಸಾಮಾನು ಒಂದು ನೋಟ್‌ಬುಕ್, ಮೊಬೈಲಿನ ಗಡಿಯಾರ, ಟಾರ್ಚ್, ತೂಕದ ತಕ್ಕಡಿ.

ಬಿಲ್ಲಿನಿಂದ ಶುರು

ಹನ್ನೆರಡು ತಿಂಗಳ ಬಿಲ್ ಕಲೆಹಾಕಿ. ಹಾಸನ ಜಿಲ್ಲೆಯವರಾದರೆ ಸೆಸ್ಕ್, ಚಿಕ್ಕಮಗಳೂರಿನವರಾದರೆ ಮೆಸ್ಕಾಂ. ಕಾಗದದ ಬಿಲ್ ಕಳೆದುಹೋಗಿದ್ದರೆ ಆರ್.ಆರ್. ನಂಬರ್ ಹಿಡಿದುಕೊಂಡು ಉಪವಿಭಾಗದ ಕಚೇರಿಯಲ್ಲಿ ಕೇಳಿ. ರೂಪಾಯಿಯನ್ನು ಬಿಟ್ಟು ಯೂನಿಟ್ಟನ್ನು ಮಾತ್ರ ತಿಂಗಳವಾರು ಬರೆದುಕೊಳ್ಳಿ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಯಲ್ಲೂ ಬಳಸಿದ ಯೂನಿಟ್ ಅಚ್ಚಾಗಿರುತ್ತದೆ, ನಮಗೆ ಬೇಕಾದದ್ದು ಅದೇ.

ಅತಿ ಕಡಿಮೆ ಬಂದ ತಿಂಗಳು ಮನೆಯ ತಳಮಟ್ಟ. ಅದರ ಮೇಲೆ ಎದ್ದ ದಿಬ್ಬ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಇದ್ದರೆ ಗೀಸರ್ ಮತ್ತು ಇನ್ವರ್ಟರ್ ಕಡೆ ನೋಡಿ. ಮಾರ್ಚ್‌ನಿಂದ ಮೇ ತನಕ ಇದ್ದರೆ ಪಂಪು ಮತ್ತು ಫ್ಯಾನ್. ದಿಬ್ಬವೇ ಇಲ್ಲದೆ ವರ್ಷಪೂರ್ತಿ ಒಂದೇ ಎತ್ತರದಲ್ಲಿದ್ದರೆ ಹಳೇ ಫ್ರಿಜ್ಜೋ ಸೋರಿಕೆಯೋ ಇದ್ದೀತು.

ಲೆಕ್ಕಕ್ಕೆ ಯೂನಿಟ್‌ಗೆ ಸರ್‌ಚಾರ್ಜ್, ತೆರಿಗೆ ಎಲ್ಲ ಸೇರಿ 7 ರೂಪಾಯಿ ಎಂದಿಟ್ಟುಕೊಳ್ಳೋಣ. ದರ ಬದಲಾದಾಗ ನಿಮ್ಮ ಬಿಲ್ಲಿನಲ್ಲಿರುವುದನ್ನು ಹಾಕಿಕೊಳ್ಳಿ. ಇದರ ಜೊತೆಗೆ ಮಂಜೂರಾದ ಲೋಡಿಗೆ ತಕ್ಕಂತೆ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕವಿದೆ. ಹಿಂದೆ ಮನೆಯಲ್ಲಿ ಗಿರಣಿಯೋ ದೊಡ್ಡ ಮೋಟಾರೋ ಇದ್ದು 5 ಕಿಲೋವ್ಯಾಟ್ ಮಂಜೂರಾಗಿದ್ದರೆ, ಈಗ 2 ಸಾಕಾಗುವ ಮನೆಯೂ 5ಕ್ಕೇ ಕಟ್ಟುತ್ತಿರುತ್ತದೆ. ಅರ್ಜಿ ಕೊಟ್ಟು ಇಳಿಸಿಕೊಳ್ಳಬಹುದು.

ಗೃಹಜ್ಯೋತಿಯ ಲೆಕ್ಕವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಮುಖ್ಯ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022–23ರ ಮಾಸಿಕ ಸರಾಸರಿಯ ಮೇಲೆ ಶೇ 10 ಸೇರಿಸಿ ಮನೆಯ ಅರ್ಹ ಯೂನಿಟ್ ನಿಗದಿಯಾಯಿತು. ಅರ್ಹತೆ ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ ನಿಮ್ಮದೇ. 190 ಯೂನಿಟ್ ಅರ್ಹತೆಯ ಮನೆ 205 ಬಳಸಿದರೆ 15 ಯೂನಿಟ್‌ನ ನೂರೈದು ರೂಪಾಯಿ ಕಟ್ಟಿ ಪಾರಾಗುವಂತಿಲ್ಲ. 1,400 ರೂಪಾಯಿಗೂ ಮೀರಿದ ಬಿಲ್ ಬರುತ್ತದೆ, ನಿಗದಿತ ಶುಲ್ಕ ಬೇರೆ. ಈ ಅಂಚಿನಲ್ಲಿರುವ ಮನೆಗೆ 15 ಯೂನಿಟ್ ಎಲ್ಲಿಂದ ಕಡಿಮೆಯಾದೀತು ಎಂದು ಹುಡುಕುವುದೇ ಎಲ್ಲಕ್ಕಿಂತ ಲಾಭದ ಕೆಲಸ.

ಎಲ್ಲ ಆರಿಸಿದ ಮೇಲೂ ಮಿಣುಕುವ ದೀಪ

ಎಲೆಕ್ಟ್ರಾನಿಕ್ ಮೀಟರ್‌ನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ಅದು 3200 ಎಂದಿದ್ದರೆ ಒಂದು ಮಿಣುಕಿಗೆ 0.31 ವ್ಯಾಟ್‌ಅವರ್. ನಿಮ್ಮ ಮೀಟರ್‌ನಲ್ಲಿ 1600 ಇದ್ದರೆ ಇದರ ಎರಡರಷ್ಟು.

ರಾತ್ರಿ ಮಲಗುವ ಮುಂಚೆ ದೀಪ, ಫ್ಯಾನ್, ಟಿವಿ ಎಲ್ಲ ಆರಿಸಿ. ಫ್ರಿಜ್ಜಿನ ಪ್ಲಗ್ ಕಿತ್ತಿಡಿ. ಈಗ ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. 3200ರ ಮೀಟರ್‌ನಲ್ಲಿ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಮನೆ ಆ ಹೊತ್ತಿಗೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 45 ಸೆಕೆಂಡಿಗೊಮ್ಮೆ ಮಿಣುಕಿದರೆ 25 ವ್ಯಾಟ್. ಇಷ್ಟೇನಾ ಅನ್ನಿಸುತ್ತದೆ. ಆದರೆ ದಿನದ 24 ಗಂಟೆ, ತಿಂಗಳಿಗೆ 30 ದಿನ ಹಾಕಿ ನೋಡಿ: 18 ಯೂನಿಟ್. ಮೇಲೆ ಹೇಳಿದ ಅಂಚಿನ ಮನೆ ದಡ ಸೇರಲು ಇಷ್ಟು ಸಾಕು.

ಅದನ್ನು ಎಳೆಯುತ್ತಿರುವುದು ಯಾವುದು? ಸೆಟ್‌ಟಾಪ್ ಬಾಕ್ಸ್ ಇರಬಹುದು, ಅದು ರಿಮೋಟ್‌ನಿಂದ ಆರಿಸಿದರೂ 10 ವ್ಯಾಟ್ ತಿನ್ನುತ್ತದೆ. ಇಂಟರ್ನೆಟ್ ಪೆಟ್ಟಿಗೆ ಇರಬಹುದು. ಹೆಚ್ಚಿನ ಮನೆಗಳಲ್ಲಿ ದೊಡ್ಡ ಪಾಲು ಇನ್ವರ್ಟರ್‌ನದು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದು ಮಾಮೂಲು, ಇನ್ವರ್ಟರ್ ಬೇಡ ಎನ್ನುವಂತಿಲ್ಲ. 150 ಆಂಪಿಯರ್‌ಅವರ್ ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬಲು ಸುಮಾರು ಎರಡೂವರೆ ಯೂನಿಟ್ ಬೇಕು. ಕರೆಂಟೇ ಇರದ ತಿಂಗಳಲ್ಲಿ ಯೂನಿಟ್ ಏರಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ಯಾಟರಿ ಚೆನ್ನಾಗಿದ್ದರೆ ತುಂಬಿದ ಮೇಲೆ ಎಳೆತ ಕೆಲವೇ ವ್ಯಾಟ್‌ಗೆ ಇಳಿಯಬೇಕು. ಒಂದು ದಿನ ಪೂರ್ತಿ ಕರೆಂಟಿದ್ದ ಮೇಲೂ 50 ವ್ಯಾಟ್ ಎಳೆಯುತ್ತಿದೆ, ಬ್ಯಾಟರಿ ಮುಟ್ಟಿದರೆ ಬೆಚ್ಚಗಿದೆ, ಡಿಸ್ಟಿಲ್ಡ್ ವಾಟರ್ ತಿಂಗಳೊಳಗೇ ಇಳಿಯುತ್ತಿದೆ ಎಂದರೆ ಬ್ಯಾಟರಿಯ ಆಯಸ್ಸು ಮುಗಿಯಿತು. 50 ವ್ಯಾಟ್ ಎಂದರೆ ತಿಂಗಳಿಗೆ 36 ಯೂನಿಟ್.

ಇವೆಲ್ಲ ಕಿತ್ತಮೇಲೂ ದೀಪ ಮಿಣುಕಿದರೆ ವೈರಿಂಗ್ ಮೇಲೆ ಸಂಶಯಪಡಿ. ಮರದ ಪಟ್ಟಿಯೊಳಗೆ ವೈರ್ ಎಳೆದ ಹಳೇ ಕೆಲಸದಲ್ಲಿ ರಬ್ಬರ್ ಹೊದಿಕೆ ಒಣಗಿ ಉದುರಿರುತ್ತದೆ, ಒದ್ದೆ ಗೋಡೆಗೆ ತಾಗಿ ಸ್ವಲ್ಪಸ್ವಲ್ಪವೇ ಕರೆಂಟು ಹರಿಯುತ್ತಿರುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಯಾವ ಲೈನ್ ಎಂದು ಗೊತ್ತಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಲೈನನ್ನು ಬದಲಿಸಲೇಬೇಕು. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿಸಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆಷಾಢದಲ್ಲಿ ಮಾಡಿಸಿ. ಇಲ್ಲಿ ಯೂನಿಟ್ ಉಳಿತಾಯ ಎರಡನೆಯ ಮಾತು, ಮೊದಲನೆಯದು ಜೀವ. ಕರೆಂಟು 30 ಮಿಲಿಆಂಪಿಯರ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇಲ್ಲದ ಹಳೇ ಮನೆಯಲ್ಲಿ ಗೀಸರ್ ಹಾಕಿಸಬೇಡಿ. ಇನ್ನು ಮೇನ್ ಸ್ವಿಚ್ ಇಳಿಸಿದ ಮೇಲೂ ಮೀಟರ್ ಮಿಣುಕುತ್ತಿದ್ದರೆ ತಪ್ಪು ಮೀಟರ್‌ನದು ಅಥವಾ ಮೀಟರ್‌ಗೂ ಮೇನ್‌ಗೂ ನಡುವಿನದು. ಅದನ್ನು ನೀವು ಮುಟ್ಟಬೇಡಿ, ಲೈನ್‌ಮನ್‌ಗೆ ತಿಳಿಸಿ.

ಸಾವಿರ ಲೀಟರಿಗೆ ಎಷ್ಟು ನಿಮಿಷ

ಸಾವಿರ ಲೀಟರ್ ನೀರನ್ನು 20 ಮೀಟರ್ ಮೇಲೆತ್ತಲು ಭೌತಶಾಸ್ತ್ರ ಕೇಳುವುದು ಬರೀ 0.055 ಯೂನಿಟ್. ಸಣ್ಣ ಪಂಪುಗಳು ತಿಂದದ್ದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಮಾತ್ರ ನೀರಿಗೆ ಕೊಡುತ್ತವೆ. ಆದ್ದರಿಂದ 0.2 ಯೂನಿಟ್ ಸುತ್ತಮುತ್ತ ನ್ಯಾಯ. ಒಂದು ಎಚ್‌ಪಿ ಪಂಪು ಗಂಟೆಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಎಳೆಯುತ್ತದೆ, ಅಂದರೆ ತೆರೆದ ಬಾವಿಯಿಂದ ಸಾವಿರ ಲೀಟರಿನ ಟ್ಯಾಂಕು 12–15 ನಿಮಿಷಕ್ಕೆ ತುಂಬಬೇಕು. 40 ನಿಮಿಷ ಹಿಡಿದರೆ 0.7 ಯೂನಿಟ್ ದಾಟಿತು. ದಿನಕ್ಕೊಂದು ಟ್ಯಾಂಕಿನಂತೆ ತಿಂಗಳಿಗೆ 15 ಯೂನಿಟ್ ವ್ಯರ್ಥ. ಮತ್ತೆ ಅದೇ ಹದಿನೈದು.

ಕಾರಣಗಳು ಹೆಚ್ಚಾಗಿ ಸಣ್ಣವು. ಪಂಪು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ನೀರು ತಕ್ಷಣ ಬರಬೇಕು. ಬರದಿದ್ದರೆ ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಒಂದು ಎಚ್‌ಪಿಯ ನೀರು ತುರುಕಿದ್ದರೆ ಅರ್ಧ ಶಕ್ತಿ ಪೈಪಿನ ಉಜ್ಜುವಿಕೆಗೇ ಹೋಯಿತು. ಇದಕ್ಕೆ ಒಂದೂಕಾಲು ಇಂಚು ಹಾಕಿಸಿ. ಇವೆರಡೂ ಸರಿಯಿದ್ದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದೆ. ವೋಲ್ಟೇಜ್ 180ಕ್ಕಿಳಿಯುವ ಊರುಗಳಲ್ಲಿ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ, ಆ ರಿಪೇರಿಯೂ ಈ ಲೆಕ್ಕಕ್ಕೇ ಸೇರಬೇಕು.

ಅರಸೀಕೆರೆ, ಕಡೂರಿನ ಕೊಳವೆಬಾವಿಗೆ ಈ ಅಳತೆಗೋಲು ನಡೆಯದು. ನೀರು ನೂರು ಮೀಟರ್ ಆಳದಲ್ಲಿದ್ದರೆ ಸಾವಿರ ಲೀಟರಿಗೆ 0.8 ಯೂನಿಟ್ ಬೀಳುವುದು ಸಹಜ. ಮಲೆನಾಡಿನ ತುದಿಗಳಲ್ಲಿ ಇದರ ತದ್ವಿರುದ್ಧ: ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದುಬರುತ್ತದೆ, ಖರ್ಚು ಸೊನ್ನೆ. ಮನೆ ಕೊಳ್ಳುವವರು ಆ ಅಬ್ಬಿ ಏಪ್ರಿಲ್‌ನಲ್ಲೂ ಹರಿಯುತ್ತದೆಯೇ, ಅದು ಯಾರ ಜಾಗದಲ್ಲಿದೆ ಎಂದು ವಿಚಾರಿಸಲಿ. ತೋಟದ ಪಂಪ್‌ಸೆಟ್‌ನಿಂದಲೇ ಮನೆಯ ಟ್ಯಾಂಕಿಗೂ ನೀರು ಹಾಯಿಸಿಕೊಂಡ ಮನೆಗಳಲ್ಲಿ ಬಿಲ್ ಹಗುರವಾಗಿ ಕಾಣುತ್ತದೆ. ತೋಟ ಬಿಟ್ಟು ಮನೆ ಮಾತ್ರ ಕೊಂಡವರಿಗೆ ಆ ಹಗುರ ಸಿಗುವುದಿಲ್ಲ.

ಬಚ್ಚಲಮನೆಯ ಅರ್ಥಶಾಸ್ತ್ರ

20 ಡಿಗ್ರಿಯ 20 ಲೀಟರ್ ನೀರನ್ನು ಸ್ನಾನದ ಹದಕ್ಕೆ, ಅಂದರೆ 42 ಡಿಗ್ರಿಗೆ ತರಲು ಅರ್ಧ ಯೂನಿಟ್ ಬೇಕು. ಐದು ಜನರ ಮನೆಗೆ ದಿನಕ್ಕೆ ಎರಡೂವರೆ, ತಿಂಗಳಿಗೆ 75 ಯೂನಿಟ್, 525 ರೂಪಾಯಿ. 25 ಲೀಟರಿನ ಗೀಸರನ್ನು ಹಗಲುರಾತ್ರಿ ಹಾಕಿಯೇ ಬಿಟ್ಟರೆ ಟ್ಯಾಂಕಿನ ಮೈಯಿಂದ ಬಿಸಿ ಆರಿ ದಿನಕ್ಕೆ ಇನ್ನೊಂದು ಯೂನಿಟ್ ಹೋಗುತ್ತದೆ. ವೋಲ್ಟೇಜ್ ಕಡಿಮೆ ಇರುವಾಗ ಗೀಸರ್ ಹೆಚ್ಚು ಕರೆಂಟು ತಿನ್ನುತ್ತದೆ ಎಂಬ ನಂಬಿಕೆ ತಪ್ಪು. 230ರಲ್ಲಿ 21 ನಿಮಿಷಕ್ಕೆ ಕಾಯುವ ನೀರು 190ರಲ್ಲಿ 31 ನಿಮಿಷ ತೆಗೆದುಕೊಳ್ಳುತ್ತದೆ, ಯೂನಿಟ್ ಅಷ್ಟೇ. ಗಡಸು ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಕಟ್ಟುವ ಸುಣ್ಣದ ಕರಣೆಯೂ ಬಿಲ್ಲನ್ನು ಅಷ್ಟಾಗಿ ಏರಿಸುವುದಿಲ್ಲ, ಕಾಯಿಲನ್ನು ಸುಡುತ್ತದೆ. ಮಲೆನಾಡಿನ ಮೆದು ನೀರು ಕಾಯಿಲ್ ಬಿಟ್ಟು ಟ್ಯಾಂಕನ್ನು ತಿನ್ನುತ್ತದೆ, ಒಳಗಿನ ಮೆಗ್ನೀಸಿಯಂ ಸರಳನ್ನು ಎರಡು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು.

ಅದೇ ನೀರನ್ನು ಅಡುಗೆ ಗ್ಯಾಸಿನಲ್ಲಿ ಕಾಯಿಸಿದರೆ ತಿಂಗಳಿಗೆ ಸುಮಾರು 10 ಕೆ.ಜಿ. 14.2 ಕೆ.ಜಿ.ಯ ಸಿಲಿಂಡರಿಗೆ 900 ರೂಪಾಯಿ ಹಿಡಿದರೂ ಆರುನೂರು ದಾಟಿತು. ಕರೆಂಟಿಗಿಂತ ಗ್ಯಾಸ್ ಅಗ್ಗ ಎಂಬ ಲೆಕ್ಕ ಸ್ನಾನದ ನೀರಿಗೆ ಹೊಂದುವುದಿಲ್ಲ.

ಇನ್ನು ಹಂಡೆ. ಸೌದೆ ತೋಟದ್ದು, ಪುಕ್ಕಟೆ ಎನ್ನುತ್ತೇವೆ. ನೂರು ಲೀಟರಿನ ಹಂಡೆಯನ್ನು 20ರಿಂದ 45 ಡಿಗ್ರಿಗೆ ಏರಿಸಲು ನೀರಿಗೆ ಬೇಕಾದ ಶಾಖ 10.5 ಮೆಗಾಜೂಲ್. ಒಣ ಸೌದೆಯ ಒಂದು ಕೆ.ಜಿ.ಯಲ್ಲಿ ಸುಮಾರು 15 ಮೆಗಾಜೂಲ್ ಇದೆ, ಆದರೆ ತೆರೆದ ಬಚ್ಚಲ ಒಲೆ ಅದರಲ್ಲಿ ಶೇ 15ರಷ್ಟನ್ನು ಹಂಡೆಗೆ ಮುಟ್ಟಿಸಿದರೆ ಹೆಚ್ಚು. ಅಂದರೆ ದಿನಕ್ಕೆ ಐದು ಕೆ.ಜಿ., ತಿಂಗಳಿಗೆ ಒಂದೂವರೆ ಕ್ವಿಂಟಾಲ್. ಕೊಳ್ಳುವುದಾದರೆ ಕೆ.ಜಿ.ಗೆ 5 ರೂಪಾಯಿ ಹಿಡಿದರೂ 750 ಆಯಿತು, ಗೀಸರಿಗಿಂತ ದುಬಾರಿ. ತೋಟದ್ದೇ ಆದರೆ ಕಡಿದು, ಸೀಳಿ, ಹೊತ್ತು ತಂದು ಒಟ್ಟುವ ಆಳಿನ ಸಂಬಳ ಹಾಕಿ ನೋಡಿ. ಒಂದು ವಾರ ಒಲೆಗೆ ಹಾಕುವ ಸೌದೆಯನ್ನು ತಕ್ಕಡಿಗಿಟ್ಟು ಬರೆದರೆ ನಿಮ್ಮ ಮನೆಯ ನಿಜವಾದ ಅಂಕಿ ಸಿಗುತ್ತದೆ, ಯಾರ ಮಾತನ್ನೂ ನಂಬಬೇಕಿಲ್ಲ. ಮಳೆಗಾಲದ ಹಸಿ ಸೌದೆಯಾದರೆ ಇದು ದುಪ್ಪಟ್ಟಾಗುತ್ತದೆ, ಏಕೆಂದರೆ ಅದರ ತೂಕದಲ್ಲಿ ದೊಡ್ಡ ಪಾಲು ನೀರು, ಆ ನೀರನ್ನು ಆವಿ ಮಾಡಲೂ ಬೆಂಕಿಯ ಒಂದು ಪಾಲು ಖರ್ಚು. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದಾಗ ಟಣ್ ಎಂದರೆ ಒಣಗಿದೆ, ದಬ್ ಎಂದರೆ ಇಲ್ಲ. ಉರಿಯುವಾಗ ತುದಿಯಲ್ಲಿ ನೊರೆ ಬರುವ ಸೌದೆ ಹಸಿಯದು.

ಹಾಗೆಂದು ಹಂಡೆ ಕಿತ್ತೆಸೆಯಬೇಕೆಂದಿಲ್ಲ. ಹಂಡೆಯ ಸುತ್ತ ಬೆಂಕಿ ನೇರ ಹೊರಗೆ ಹೋಗುವ ಸಂದನ್ನು ಮಣ್ಣಿನಿಂದ ಮುಚ್ಚಿ ಎರಡು ಬೆರಳಿನಷ್ಟು ಮಾತ್ರ ಉಳಿಸಿ, ಸೌದೆಯ ಅಡಿಗೆ ಕಬ್ಬಿಣದ ಜಾಲರಿ ಇಡಿ, ಹೊಗೆಗೆ ಚಿಮಣಿ ಕೊಡಿ, ಬುಡದ ಮಸಿ ಕೆರೆದು ತೆಗೆಯಿರಿ, ಬಾಯಿಗೆ ಮುಚ್ಚಳ ಹಾಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದ ಒಲೆಗಳ ಗುಟ್ಟೂ ಇಷ್ಟೇ: ಗಾಳಿ ಅಡಿಯಿಂದ ಬರಬೇಕು, ಬಿಸಿ ಪಾತ್ರೆಗೆ ತಾಗಿಯೇ ಹೊರಗೆ ಹೋಗಬೇಕು. ಬಯಲುಸೀಮೆಯಲ್ಲಿ ತೆಂಗಿನ ಮಟ್ಟೆ, ಚಿಪ್ಪು ಸುಡುವ ಒಲೆಗೂ ಇದೇ ಮಾತು.

ಸೋಲಾರ್ ವಾಟರ್ ಹೀಟರ್ ಬಯಲಿನ ಕಡೆ ಕಣ್ಣುಮುಚ್ಚಿ ಹಾಕಿಸಬಹುದು. ಕೊಪ್ಪ, ಶೃಂಗೇರಿಯಲ್ಲಿ ಬಿಸಿನೀರು ಹೆಚ್ಚು ಬೇಕಾದ ನಾಲ್ಕು ತಿಂಗಳೇ ಅದು ಕೈಕೊಡುವ ಕಾಲ, ಹಂಡೆಯೋ ಗೀಸರೋ ಜೊತೆಗಿರಲೇಬೇಕು. ಪೈಪಿನ ಉದ್ದವನ್ನೂ ಅಳೆಯಿರಿ. ಹಳೇ ಮನೆಯ ಬಚ್ಚಲು ಹಿತ್ತಿಲ ಮೂಲೆಯಲ್ಲಿರುತ್ತದೆ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇದ್ದರೆ ಪ್ರತಿಸಲ ಆರು ಲೀಟರ್ ತಣ್ಣೀರು ಸುರಿದ ಮೇಲೇ ಬಿಸಿನೀರಿನ ಮುಖ ಕಾಣುವುದು.

ಫ್ರಿಜ್, ಫ್ಯಾನ್, ದೀಪ

ಫ್ರಿಜ್ಜಿನ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಂಚಿನ ರಬ್ಬರ್ ಗ್ಯಾಸ್ಕೆಟ್ ಬದಲಿಸಿ, ಹೊಸ ಫ್ರಿಜ್ ಆಮೇಲೆ ನೋಡೋಣ. ಹದಿನೈದು ವರ್ಷ ಹಳೆಯದು ದಿನಕ್ಕೆ ಒಂದೂವರೆ ಯೂನಿಟ್ ತಿನ್ನುವುದು ಅಪರೂಪವಲ್ಲ. ಅದರ ಮೇಲಿರುವ ಐದು ನಕ್ಷತ್ರಗಳನ್ನು ನಂಬಬೇಡಿ, ನಕ್ಷತ್ರದ ಮಾನದಂಡ ಆಗಾಗ ಬಿಗಿಯಾಗುತ್ತದೆ, ಅಂದಿನ ಐದು ಇಂದಿನ ಐದಲ್ಲ.

ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಳೆಯದಕ್ಕಿಂತ 45 ವ್ಯಾಟ್ ಕಡಿಮೆ ಎಳೆಯುತ್ತದೆ. ಅರಸೀಕೆರೆಯಲ್ಲಿ ವರ್ಷಕ್ಕೆ 270 ದಿನ, ದಿನಕ್ಕೆ 10 ಗಂಟೆ ತಿರುಗಿದರೆ 120 ಯೂನಿಟ್ ಉಳಿಯುತ್ತದೆ. ಚಿಕ್ಕಮಗಳೂರಿನಲ್ಲಿ ಮೂರು ತಿಂಗಳು, 8 ಗಂಟೆ ತಿರುಗಿದರೆ 32 ಯೂನಿಟ್, ಸುಮಾರು 225 ರೂಪಾಯಿ. ಹೊಸ ಫ್ಯಾನಿನ ದುಡ್ಡು ಹುಟ್ಟಲು ಹತ್ತು ವರ್ಷ ಹಿಡಿದರೂ ಹಿಡಿದೀತು. ಮೂಗಿಗಿಂತ ಮೂಗುತಿ ಭಾರ.

ಮಲೆನಾಡಿನ ಮನೆಗಳ ನಡುಮನೆಯಲ್ಲಿ ಹಗಲಲ್ಲೂ ದೀಪ ಉರಿಯುತ್ತದೆ. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ 50 ವ್ಯಾಟ್ ದಾಟುತ್ತದೆ. ಅದನ್ನು ಎಲ್‌ಇಡಿಗೆ ಬದಲಿಸುವುದಕ್ಕೂ ಮೊದಲು ಮಾಡಿನಲ್ಲಿ ಎರಡು ಗಾಜಿನ ಹೆಂಚು ಕೂರಿಸಿ ನೋಡಿ, ಹಗಲು ದೀಪವೇ ಬೇಡವಾದೀತು.

ಗೋಡೆ, ಮಾಡು, ತೇವ

ಗೋಡೆಯ ಗುಣವನ್ನು ಎಂಜಿನಿಯರುಗಳು ಯು-ಮೌಲ್ಯದಲ್ಲಿ ಹೇಳುತ್ತಾರೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್‌ನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಅಂಕಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗೆ ಇದು ಸುಮಾರು 1.3, ಒಂಬತ್ತು ಇಂಚಿನ ಇಟ್ಟಿಗೆಗೆ 2, ಆರು ಇಂಚಿನ ಸಿಮೆಂಟ್ ಬ್ಲಾಕಿಗೆ 3ರ ಹತ್ತಿರ, ಬರೀ ಆರ್‌ಸಿಸಿ ತಾರಸಿಗೆ ಮೂರೂವರೆ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಮಾಡಿಗೆ ಕೊಟ್ಟ ಮಿತಿ 1.2. ಎಂಬತ್ತರ ದಶಕದಲ್ಲಿ ಹಿಂದುಗಡೆ ಸೇರಿಸಿದ ತಾರಸಿ ಕೋಣೆ ಇದರಲ್ಲಿ ನಪಾಸು. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ 50 ಡಿಗ್ರಿಗೇರಿದ ತಾರಸಿಯ ಕೆಳಗಿನ 12 ಅಡಿ ಅಗಲ, 15 ಅಡಿ ಉದ್ದದ ಕೋಣೆಗೆ, ಸ್ಥೂಲವಾಗಿ, ಸಾವಿರದಿನ್ನೂರು ವ್ಯಾಟ್ ಹೀಟರ್ ನೆತ್ತಿಯ ಮೇಲೆ ಉರಿದಷ್ಟು ಶಾಖ ಇಳಿಯುತ್ತದೆ. ಬಯಲಿನಲ್ಲಿ ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಅಗ್ಗದ ಮದ್ದು. ಮಲೆನಾಡಿನಲ್ಲಿ ಅದು ಒಂದೇ ಮಳೆಗಾಲಕ್ಕೆ ಪಾಚಿಯಾಗುತ್ತದೆ. ಹೆಂಚಿನ ಮಾಡು ತಾನಾಗಿ ಶಾಖ ತಡೆಯುವುದಿಲ್ಲ, ತಡೆಯುವುದು ಅದರ ಕೆಳಗಿನ ಅಟ್ಟ. ಹಲಗೆಯ ಮೇಲೆ ಮಣ್ಣು ಹಾಕಿದ ಅಟ್ಟವನ್ನು ಎತ್ತರ ಬೇಕೆಂದು ಕಿತ್ತವರು ಬೇಸಿಗೆಯಲ್ಲಿ ಸೆಕೆ, ಧನುರ್ಮಾಸದಲ್ಲಿ ಚಳಿ ಎರಡನ್ನೂ ಕೊಂಡಂತೆ.

ನಮ್ಮ ಕಡೆಯ ದೊಡ್ಡ ಶತ್ರು ತೇವ. ಶೃಂಗೇರಿ ಕಡೆ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ಮೀರುತ್ತದೆ. ನೆಂದ ಗೋಡೆಯಲ್ಲಿ ಶಾಖ ಬೇಗ ದಾಟುತ್ತದೆ, ಜೊತೆಗೆ ಪ್ರತಿ ಲೀಟರ್ ನೀರು ಆರಲು ಮುಕ್ಕಾಲು ಯೂನಿಟ್‌ನ ಹತ್ತಿರ ಶಾಖವನ್ನು ಕೋಣೆಯಿಂದಲೇ ಕಸಿಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿದ ಮನೆಗಳಲ್ಲಿ ಇದು ಕೆಟ್ಟದು: ಒಳಗೆ ಸೇರಿದ ನೀರು ಆರುವ ದಾರಿ ಮುಚ್ಚಿಹೋಗಿ ಗಾರೆ ಹಪ್ಪಳದಂತೆ ಏಳುತ್ತದೆ, ಹಿಂದೆ ಗೋಡೆ ಪುಡಿಯಾಗುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ತೇವ ಎಲ್ಲಿಂದ ಎಂದು ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕೂತಿದ್ದರೆ ನೀರು ಗೋಡೆಯಲ್ಲಿದೆ, ಸೂರಿನ ಚಾಚು ಮತ್ತು ಅಡಿಪಾಯದ ಚರಂಡಿ ನೋಡಿ. ಕೋಣೆಯ ಕಡೆ ಕೂತಿದ್ದರೆ ಗಾಳಿಯಾಟ ಸಾಲದು.

ಮಾಡಿನ ಪರೀಕ್ಷೆಗೆ ಜೋರು ಮಳೆಯಲ್ಲಿ ಟಾರ್ಚ್ ಹಿಡಿದು ಅಟ್ಟ ಹತ್ತುವುದಕ್ಕಿಂತ ಬೇರೆ ದಾರಿಯಿಲ್ಲ. ಹನಿ ಬಿದ್ದಲ್ಲಿ ಪಕಾಸಿಗೆ (ಮಾಡಿನ ಓರೆ ತೊಲೆಗೆ) ಸೀಮೆಸುಣ್ಣದ ಗುರುತು ಹಾಕಿ. ಒಡೆದ ಹೆಂಚಿಗಿಂತ ಕುಂಬಾದ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ದುಬಾರಿ, ಚೂಪು ಮೊಳೆಯಿಂದ ಚುಚ್ಚಿದಾಗ ಸಲೀಸಾಗಿ ಇಳಿದರೆ ಆ ರೀಪಿನ ಕಥೆ ಮುಗಿಯಿತು. ಹೆಂಚನ್ನು ಒಣಗಿಸಿ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಆ ಹೆಂಚು ಮಳೆಗಾಲವಿಡೀ ನೀರು ಕುಡಿದು ಮರಮುಟ್ಟಿಗೆ ಭಾರ ಹೇರುತ್ತದೆ. ನೂರು ಚದರ ಅಡಿಗೆ ಸುಮಾರು 150 ಹೆಂಚು ಬೇಕು, ಆ ಲೆಕ್ಕದಲ್ಲಿ ಬದಲಿ ಖರ್ಚನ್ನು ಹತ್ತು ವರ್ಷಕ್ಕೆ ಹಂಚಿ ವರ್ಷದ ಬಾಬ್ತಿಗೆ ಸೇರಿಸಿ. ಬಹಳಷ್ಟು ದೊಡ್ಡ ಮನೆಗಳಲ್ಲಿ ಈ ಒಂದು ಸಾಲು ವರ್ಷದ ಕರೆಂಟು ಬಿಲ್ಲನ್ನೂ ಮೀರುತ್ತದೆ.

ಮಾಡಿನ ಮೇಲೆ ಸೋಲಾರ್ ಫಲಕ ಹಾಕಿಸುವ ಯೋಚನೆಯಿದ್ದವರಿಗೂ ಮೊದಲ ಪ್ರಶ್ನೆ ಈ ರೀಪು, ಪಕಾಸಿಯದೇ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ, ನಿಜ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ, ಸಿಲ್ವರ್ ಓಕ್ ನೆರಳಿನ ಮನೆಗೆ ಅದರಿಂದ ಉಳಿಯುವುದೇನೂ ಇಲ್ಲ. ತಿಂಗಳಿಗೆ 300 ಯೂನಿಟ್ ದಾಟುವ ಕಡೂರಿನ ತಾರಸಿ ಮನೆಗೆ ಲೆಕ್ಕ ಬೇರೆ.

ಮಾಡಿನ ಕೆಲಸವನ್ನು ಯುಗಾದಿಯೊಳಗೇ ಆಳುಗಳಿಗೆ ಹೇಳಿಡಿ. ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಹೆಂಚು ಇಳಿಸಿಟ್ಟುಕೊಂಡು ಕೂತರೆ, ಅಟ್ಟದ ಮಣ್ಣು ನೆಂದು ಗೋಡೆಗಿಳಿದು, ಮುಂದಿನ ಒಂದು ವರ್ಷ ಇಲ್ಲಿ ಬರೆದ ಯಾವ ಅಳತೆಯೂ ಸರಿ ಬರುವುದಿಲ್ಲ.